ಪುಟ್ಟಿ ಓದಿಸಿದ ಪುಸ್ತಕಗಳು

"ಮಾವ, ಕನ್ನಡದಲ್ಲಿ ವೈಎ ಇಲ್ವಾ?"

2022ರ ಜೂನ್ ತಿಂಗಳ ಒಂದು ಸಂಜೆ ಅಕ್ಕನ ಮಗಳು ಹೀಗೆ ಕೇಳಿದಾಗ ನಾನು ಮಂಡಕ್ಕಿ ತಟ್ಟೆ ಮುಂದಿಟ್ಟುಕೊಂಡು ಮೆಣಸಿನಕಾಯಿ ಬಜ್ಜಿ ಕಚ್ಚುತ್ತಾ ಕೂತಿದ್ದೆ. ವೈಎ ಅಂದರೇನು ಅಂತಲೇ ನಂಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಂಡರೆ ಮಾವನ ಗತ್ತು ಹೋಗುತ್ತಲ್ಲ... "ಯಾಕಿಲ್ಲ, ಬೇಕಾದಷ್ಟಿದೆ" ಅಂದುಬಿಟ್ಟೆ. ಆಮೇಲೆ ಕದ್ದು ಮೊಬೈಲಿನಲ್ಲಿ ಹುಡುಕಿದೆ. ಯಂಗ್ ಅಡಲ್ಟ್ ಅಂತೆ. ಹನ್ನೆರಡು ದಾಟಿದ, ಹದಿನೆಂಟು ಮುಟ್ಟದ ಮಕ್ಕಳಿಗೆ ಅಂತಲೇ ಬರೆದ ಪುಸ್ತಕಗಳು. ಇಂಗ್ಲಿಷ್ ಪುಸ್ತಕದ ಅಂಗಡಿಗಳಲ್ಲಿ ಅವಕ್ಕೇ ಒಂದು ಬೇರೆ ಕಪಾಟು ಇರುತ್ತದೆ.

ಪುಟ್ಟಿ (ಮನೆಯಲ್ಲಿ ಹಾಗೇ ಕರೆಯೋದು, ಇಲ್ಲೂ ಅದೇ ಇರಲಿ) ಆಗಷ್ಟೇ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಬಂದಿದ್ದಳು. ಭಾವನ ಕೆಲಸ ಹೋಗಿ, ಅಲ್ಲಿನ ಬಾಡಿಗೆ ಮನೆ ಖಾಲಿ ಮಾಡಿ, ಅಕ್ಕ-ಭಾವ ಒಂದು ದಾರಿ ಹುಡುಕಿಕೊಳ್ಳುವವರೆಗೆ ಮಗಳನ್ನು ಅಜ್ಜಿಯ ಮನೆಗೆ, ಅಂದರೆ ನಮ್ಮ ಮನೆಗೆ ಬಿಟ್ಟಿದ್ದರು. ಒಂಬತ್ತನೇ ಕ್ಲಾಸು. ಬ್ಯಾಗಿನಲ್ಲಿ ಪರ್ಸಿ ಜಾಕ್ಸನ್, ಹಂಗರ್ ಗೇಮ್ಸ್. ಕನ್ನಡ ಮಾತಾಡೋಕೆ ತೊಂದರೆ ಇಲ್ಲ. ಓದೋಕೆ ಮಾತ್ರ ಒಂದೊಂದೇ ಅಕ್ಷರ ಕೂಡಿಸಬೇಕು, ಒತ್ತಕ್ಷರ ಬಂದರೆ ಬ್ರೇಕ್ ಬಿದ್ದಂಗೆ ನಿಂತುಬಿಡ್ತಾಳೆ. ಹೊಸ ಶಾಲೆಯಲ್ಲಿ ಅದೇ ಕಷ್ಟ ಆಗ್ತಿದೆ ಅಂತ ನಂಗೆ ಗೊತ್ತಿತ್ತು. ಗೊತ್ತಿತ್ತು ಅಂತ ಅಂದುಕೊಂಡಿದ್ದೆ.

ನನ್ನದು ಸಹಕಾರ ಸಂಘಗಳ ಲೆಕ್ಕ ನೋಡುವ ಕೆಲಸ. ವಾರದಲ್ಲಿ ಒಂದು ದಿನ ಹಿರಿಯೂರು, ಒಂದು ದಿನ ಹೊಸದುರ್ಗ, ಇನ್ನೊಂದು ದಿನ ಹೊಳಲ್ಕೆರೆ. ಬಸ್ಸು ಹತ್ತೋದು, ಇಳಿಯೋದು, ವೋಚರ್ ತಿರುವೋದು. ಈ ತಿರುಗಾಟದಲ್ಲೇ ಪುಟ್ಟಿಗೆ ಪುಸ್ತಕ ಹುಡುಕಿದರಾಯ್ತು ಅಂತ ಹೊರಟೆ. ಒಂದು ತಾಲ್ಲೂಕಿನ ಗ್ರಂಥಾಲಯಕ್ಕೆ ಹೋಗಿ "ಹದಿನಾಲ್ಕು ವರ್ಷದ ಹುಡುಗಿಗೆ ಏನಾದ್ರೂ ಕೊಡಿ ಸಾರ್" ಅಂದೆ. ಅವರು ಪಾಪ ಎದ್ದು ಬಂದು ತೋರಿಸಿದರು. ಈ ಕಡೆ ಮಕ್ಕಳ ವಿಭಾಗ: ಕಾಗಕ್ಕ, ಗುಬ್ಬಕ್ಕ, ತೆನಾಲಿ ರಾಮ. ಆ ಕಡೆ ದೊಡ್ಡವರ ಕಾದಂಬರಿ. ನಡುವೆ ಇದ್ದ ಕಪಾಟಿನ ತುಂಬಾ ಕೆಪಿಎಸ್‌ಸಿ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಗೈಡುಗಳು! ಅಂದರೆ ನಮ್ಮ ಮಕ್ಕಳು ಗುಬ್ಬಕ್ಕನ ಕಥೆ ಮುಗಿಸಿ ನೇರ ಕಾನ್‌ಸ್ಟೇಬಲ್ ಆಗಬೇಕು :)

ಸರಿ, ನಾನೇ ಆರಿಸ್ತೀನಿ ಅಂತ ಮೊದಲು ಕೊಟ್ಟಿದ್ದು 'ದುರ್ಗಾಸ್ತಮಾನ'. ದುರ್ಗದವನು ಇನ್ನೇನು ಕೊಡ್ತಾನೆ? ತ.ರಾ.ಸು. ನಮ್ಮವರು, ಚಳ್ಳಕೆರೆ ತಾಲ್ಲೂಕು ತಳುಕಿನ ಮನೆತನ. 1984ರಲ್ಲಿ ತೀರಿಕೊಂಡರು, ಮಾರನೇ ವರ್ಷ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಡೆಯ ಮದಕರಿ ನಾಯಕ, ಹೈದರಾಲಿಯ ಮುತ್ತಿಗೆ, 1779ರಲ್ಲಿ ಕೋಟೆ ಬಿದ್ದದ್ದು... ಇಷ್ಟೆಲ್ಲ ಭಾಷಣ ಮಾಡಿ ಆ ದಪ್ಪ ಪುಸ್ತಕ ಅವಳ ಕೈಗಿಟ್ಟೆ. ದಿನಾ ರಾತ್ರಿ "ಎಷ್ಟು ಪುಟ ಆಯ್ತು?" ಅಂತ ವಿಚಾರಣೆ ಬೇರೆ. ಒಂದು ವಾರ ಕಳೆದು ನೋಡ್ತೀನಿ, ಅಲುಗಾಡುವ ಓದುಮೇಜಿನ ಕಾಲ ಕೆಳಗೆ ಮದಕರಿ ನಾಯಕ! ನಂಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟು ದಪ್ಪದ್ದು ಇದೊಂದೇ ಸಿಕ್ಕಿದ್ದು ಮಾವ, ಸಾರಿ" ಅಂದಳು. ನಮ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆ ವರ್ಷ ನಮ್ಮ ಜಿಲ್ಲೆಯವರು ಯಾರೂ ಮರೆಯೋ ಹಾಗಿಲ್ಲ. ಸೆಪ್ಟೆಂಬರ್ ಮೊದಲ ವಾರ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಬಾಯಲ್ಲಿ ಅದು ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ, 1907ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ, ಅದಾದ ಮೇಲೆ 89 ವರ್ಷಕ್ಕೆ ಈಗ. ಬರದ ನಾಡಿನ ಜನಕ್ಕೆ ನೀರು ತುಂಬಿ ಹರಿಯೋದು ಅಂದರೆ ದೇವರ ಜಾತ್ರೆಗಿಂತ ಹೆಚ್ಚು. ನಾನೂ ಪುಟ್ಟಿನ ಕರಕೊಂಡು ಹೋದೆ. ಯಪ್ಪಾ, ಆ ಜನ! ಮುದುಕರು ಮೊಮ್ಮಕ್ಕಳ ಹೆಗಲು ಹಿಡಿದು ನಿಂತು ಕೈ ಮುಗೀತಿದ್ದರು.

ಪುಟ್ಟಿ ಸುಮ್ಮನೆ ನೋಡ್ತಾ ನಿಂತಳು. ಆಮೇಲೆ ಕೇಳಿದಳು: "ಮಾವ, ಈ ನೀರಿನ ಕೆಳಗೆ ಯಾರ ಊರಿತ್ತು?"

ನಂಗೆ ಉತ್ತರ ಬರಲಿಲ್ಲ. ಬುದ್ಧಿ ಬಂದಾಗಿನಿಂದ ಮಾರಿಕಣಿವೆ ನೋಡಿದ್ದೀನಿ. ಎತ್ತರ ಗೊತ್ತು, ಇಸವಿ ಗೊತ್ತು. ಈ ಪ್ರಶ್ನೆ ಮಾತ್ರ ಒಂದು ಸಲವೂ ಹುಟ್ಟಿರಲಿಲ್ಲ. ಹಿನ್ನೀರು ಹೊಸದುರ್ಗ ತಾಲ್ಲೂಕಿನ ಕಡೆಗೆ ಚಾಚಿಕೊಂಡಿದೆ. ಮುಂದಿನ ವಾರ ಆ ಕಡೆ ಕೆಲಸಕ್ಕೆ ಹೋದಾಗ ತೆಂಗಿನ ಮರಗಳು ಸೊಂಟಮಟ್ಟ ನೀರಿನಲ್ಲಿ ನಿಂತಿದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಅವಳು ಕೇಳದೇ ಹೋಗಿದ್ದರೆ ಅದೂ ಕಣ್ಣಿಗೆ ಬೀಳ್ತಿರಲಿಲ್ಲವೇನೋ.

ಅವತ್ತು ವಾಪಸ್ ಬರುವಾಗ ಇನ್ನೊಂದು ಸಂಗತಿ ಆಯ್ತು. ಅಣೆಕಟ್ಟೆಯಿಂದ ಹಿರಿಯೂರಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಜನವೋ ಜನ, ಬಸ್ಸು ನಿಂತಲ್ಲೇ ನಿಂತಿತು. ಪುಟ್ಟಿಯ ಮೊಬೈಲು ಫೋಟೋ ಹೊಡೆದೂ ಹೊಡೆದೂ ಸತ್ತಿತ್ತು. ನನ್ನ ಚೀಲದಲ್ಲಿ ತೇಜಸ್ವಿಯವರ 'ಕರ್ವಾಲೊ' ಇತ್ತು. ಬೇಜಾರಿಗೆ ತೆಗೆದು ಎರಡು ಸಾಲು ಕೂಡಿಸಿ ಓದಿ, "ನೀವೇ ಓದಿ ಮಾವ" ಅಂತ ನನ್ನ ಕೈಗೆ ಕೊಟ್ಟಳು. ಶುರು ಮಾಡಿದೆ. ಜೇನು, ಮಂದಣ್ಣ, ಕಿವಿ ಅನ್ನೋ ನಾಯಿ... ಪುಟ್ಟಿ ಕಿಸಕ್ಕನೆ ನಕ್ಕಳು. ನಾನು ಉತ್ಸಾಹದಲ್ಲಿ ಮಂದಣ್ಣನ ದನಿ ತೆಗೆಯೋಕೆ ಹೋದೆ. ಹಿಂದಿನ ಸೀಟಿನಿಂದ ಯಾರೋ ಯಜಮಾನರು, "ಸ್ವಲ್ಪ ಜೋರಾಗಿ ಓದ್ರಿ ಸಾರ್, ನಮಗೂ ಕೇಳಂಗೆ" ಅಂದರು. ಹಿರಿಯೂರು ಮುಟ್ಟೋವಷ್ಟರಲ್ಲಿ ಸುತ್ತಲಿನ ನಾಲ್ಕು ಸೀಟಿನವರು ಮೂಡಿಗೆರೆ ಕಾಡಿನಲ್ಲಿದ್ದರು.

'ಕರ್ವಾಲೊ' ಬಂದದ್ದು 1980ರಲ್ಲಿ. ಅದನ್ನು ಯಾರೂ ವೈಎ ಅಂದಿಲ್ಲ. ಆದರೆ ಪುಟ್ಟಿಗೆ ಅದರಲ್ಲಿ ಹಿಡಿಸಿದ್ದು ಹಾರುವ ಓತಿಯೂ ಅಲ್ಲ, ಸಾಹಸವೂ ಅಲ್ಲ. "ಮಂದಣ್ಣನ್ನ ಊರಲ್ಲೆಲ್ಲಾ ಕೆಲಸಕ್ಕೆ ಬಾರದವನು ಅನ್ಕೊಂಡಿರ್ತಾರೆ. ಅಷ್ಟು ದೊಡ್ಡ ಸೈಂಟಿಸ್ಟು ಮಾತ್ರ ಅವನ ಮಾತು ಕೇಳ್ತಾರೆ ಅಲ್ವಾ" ಅಂದಳು. ನಾನು ಹೂಂ ಅಂದು ಬಿಟ್ಟೆ. ಅವಳು ಮಂದಣ್ಣನ ಬಗ್ಗೆ ಮಾತ್ರ ಹೇಳ್ತಿರಲಿಲ್ಲ ಅಂತ ಹೊಳೆಯೋಕೆ ಇನ್ನೂ ಮೂರು ತಿಂಗಳು ಬೇಕಾಯ್ತು.

ನೀರಿನ ಕೆಳಗಿನ ಊರಿನ ಪ್ರಶ್ನೆಗೆ ನಂಗೆ ಹೊಳೆದ ಒಂದೇ ಉತ್ತರ ನಾ. ಡಿಸೋಜ ಅವರ 'ದ್ವೀಪ'. ಶರಾವತಿ ಅಣೆಕಟ್ಟು, ಏರುತ್ತಾ ಬರುವ ನೀರು, ಎಲ್ಲರೂ ಹೋದ ಮೇಲೂ ಉಳಿದ ಒಂದು ಮನೆ. ಸಣ್ಣ ಪುಸ್ತಕ. ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರಲ್ಲ, ಸೌಂದರ್ಯ ಇದ್ದದ್ದು, ಅದೇ. ಅರ್ಧ ನಾನು ಓದಿ ಹೇಳಿದೆ, ಇನ್ನರ್ಧ ಅವಳೇ ತಡವರಿಸುತ್ತಾ ಓದಿದಳು. ಪುಟದ ಲೆಕ್ಕ ಕೇಳೋದನ್ನು ಅಷ್ಟು ಹೊತ್ತಿಗೆ ನಾನು ಬಿಟ್ಟಿದ್ದೆ. ಮುಗಿಸಿದ ದಿನ ಊಟ ಸರಿಯಾಗಿ ಮಾಡಲಿಲ್ಲ. "ಅವತ್ತು ನಾವೆಲ್ಲ ಮಾರಿಕಣಿವೆಯಲ್ಲಿ ಚಪ್ಪಾಳೆ ಹೊಡೆದ್ವಿ" ಅಂದಳು, ಅಷ್ಟೇ.

ದಸರಾ ರಜೆಯಲ್ಲಿ ಕೋಟೆ ಹತ್ತಿದ್ವಿ. ಏಳು ಸುತ್ತಿನ ಕೋಟೆಯಲ್ಲಿ ಗೈಡುಗಳು ಓಬವ್ವನ ಕಿಂಡಿ ತೋರಿಸಿದಷ್ಟೇ ಭಕ್ತಿಯಿಂದ ವಿಷ್ಣುವರ್ಧನ್ ನಿಂತ ಬಂಡೆಯನ್ನೂ ತೋರಿಸ್ತಾರೆ. 1972ರ 'ನಾಗರಹಾವು' ಇಲ್ಲೇ ಚಿತ್ರೀಕರಣ ಆಗಿದ್ದು. ಮನೆಗೆ ಬಂದು ಸಿನಿಮಾ ಹಾಕಿದ್ವಿ. ನಮ್ಮಮ್ಮ ಅಡುಗೆಮನೆಯಿಂದಲೇ, "ಪುಸ್ತಕದ ಮುಂದೆ ಇದೇನೂ ಅಲ್ಲ ಬಿಡು" ಅಂದಳು.

"ಅಜ್ಜಿ, ನೀವು ಓದಿದ್ದೀರಾ?"

ಓದಿದ್ದಾಳಂತೆ! ಒಂದಲ್ಲ, ಮೂರು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಮೂರನ್ನೂ ಸೇರಿಸಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದು ಅಂತ ಅಮ್ಮನೇ ಹೇಳಿದಳು. ನನ್ನ ಜೀವಮಾನದಲ್ಲಿ ಅಮ್ಮ ಪುಸ್ತಕ ಹಿಡಿದಿದ್ದನ್ನು ನಾನು ನೋಡಿಲ್ಲ. ಅವಳ ತವರು ಹೊಳಲ್ಕೆರೆ ಕಡೆಯ ಹಳ್ಳಿ. ಹದಿನಾಲ್ಕು-ಹದಿನೈದರ ವಯಸ್ಸಿನಲ್ಲಿ ಪಕ್ಕದ ಮನೆಯ ಮೇಷ್ಟ್ರ ಹೆಂಡತಿಯ ಹತ್ತಿರ ತ್ರಿವೇಣಿಯವರ ಕಾದಂಬರಿ ಕಡ ತಂದು, ಹಿಟ್ಟಿನ ಡಬ್ಬಿ ಹಿಂದೆ ಬಚ್ಚಿಟ್ಟು ಓದ್ತಿದ್ದಳಂತೆ. 'ಬೆಕ್ಕಿನ ಕಣ್ಣು' ಓದಿ ರಾತ್ರಿ ಒಬ್ಬಳೇ ಹಿತ್ತಲಿಗೆ ಹೋಗೋಕೆ ಹೆದರಿದ್ದಳಂತೆ. ಒಂದು ದಿನ ನಮ್ಮ ತಾತನ ಕೈಗೆ ಸಿಕ್ಕಿಬಿದ್ದು, ಪುಸ್ತಕ ಒಲೆಗೆ ಹೋಯ್ತು. ಕಡ ತಂದ ಪುಸ್ತಕ! ಮೇಷ್ಟ್ರ ಹೆಂಡತಿಗೆ ಮುಖ ತೋರಿಸೋಕಾಗದೆ ಆ ಬೀದಿಯಲ್ಲಿ ಓಡಾಡೋದನ್ನೇ ಬಿಟ್ಟಳಂತೆ. ಮದುವೆ ಆದ ಮೇಲೆ ಸ್ವಲ್ಪ ದಿನ ಓದಿದ್ದು, ಆಮೇಲೆ ಸಂಸಾರ.

ಇದನ್ನೆಲ್ಲ ಅಮ್ಮ ನಂಗೆ ಯಾವತ್ತೂ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅದಕ್ಕೆ.

ನವೆಂಬರ್‌ನಲ್ಲಿ ಸಾಣೇಹಳ್ಳಿ. ಹೊಸದುರ್ಗ ತಾಲ್ಲೂಕಿನ ಈ ಹಳ್ಳಿಯಲ್ಲಿ ಪ್ರತಿ ವರ್ಷ ನಾಟಕೋತ್ಸವ ನಡೆಯುತ್ತೆ. ಗ್ರೀಕ್ ಮಾದರಿಯ ಬಯಲು ರಂಗಮಂದಿರ, ಚಳಿಗೆ ಕಂಬಳಿ ಹೊದ್ದ ರೈತರು, ಶಿವಸಂಚಾರದ ಕಲಾವಿದರು. ಪುಟ್ಟಿ ಬಾಯಿ ಬಿಟ್ಟುಕೊಂಡು ನೋಡಿದಳು. ಬರೆದದ್ದನ್ನು ಗಟ್ಟಿಯಾಗಿ ಹೇಳಿದರೆ ಅದು ಬೇರೆಯೇ ಆಗುತ್ತೆ ಅನ್ನೋದು ಅವಳಿಗೆ ಅಲ್ಲಿ ಹತ್ತಿತು ಅನ್ನಿಸುತ್ತೆ. ಅಲ್ಲಿಂದ ಬಂದ ಮೇಲೆ ಬಾಗಿಲು ಹಾಕಿಕೊಂಡು ರೂಮಿನಲ್ಲಿ ಕನ್ನಡ ಓದೋದು ಕೇಳಿಸ್ತಿತ್ತು.

ಈಗ ಡಿಸೆಂಬರ್ ಮಾತು. ಅದನ್ನು ಹೇಳೋಕೇ ಇಷ್ಟೆಲ್ಲ ಬರೆದದ್ದು.

ನ್ಯಾಷನಲ್ ಬುಕ್ ಟ್ರಸ್ಟಿನ 'ತೊತ್ತೋಚಾನ್' ತಂದುಕೊಟ್ಟಿದ್ದೆ. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಬರೆದದ್ದು, ಅವರ ಬಾಲ್ಯದ ನಿಜಕಥೆ. ತೊತ್ತೋಚಾನ್‌ಳನ್ನು ಮೊದಲ ಶಾಲೆಯಿಂದ ತೆಗೆದುಹಾಕಿರ್ತಾರೆ. ಅಮ್ಮ ಅವಳನ್ನು ತೊಮೊಯೆ ಅನ್ನೋ ಶಾಲೆಗೆ ಕರಕೊಂಡು ಹೋಗ್ತಾಳೆ. ಹಳೇ ರೈಲು ಬೋಗಿಗಳೇ ಅಲ್ಲಿ ತರಗತಿಗಳು. ಹೆಡ್‌ಮಾಸ್ಟರ್ ಕೊಬಾಯಾಶಿ ಅವಳನ್ನು ಮುಂದೆ ಕೂರಿಸಿಕೊಂಡು, ನಿಂಗೆ ಏನೇನು ಹೇಳಬೇಕೋ ಎಲ್ಲ ಹೇಳು ಅಂತಾರೆ. ಅವಳು ಹೇಳ್ತಾ ಹೋಗ್ತಾಳೆ. ನಾಲ್ಕು ಗಂಟೆ. ಅವರು ಒಂದು ಸಲವೂ ಆಕಳಿಸದೆ ಕೇಳ್ತಾರೆ.

ಪುಟ್ಟಿ ಯಾರ ಸಹಾಯವೂ ಇಲ್ಲದೆ ಪೂರ್ತಿ ಓದಿದ ಮೊದಲ ಕನ್ನಡ ಪುಸ್ತಕ ಅದು. ಮುಗಿಸಿದ ರಾತ್ರಿ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತಳು. ನಾನು ಅಭ್ಯಾಸಬಲದಿಂದ "ಹೆಂಗಿತ್ತು? ಯುದ್ಧದಲ್ಲಿ ಆ ಶಾಲೆ ಸುಟ್ಟುಹೋಗುತ್ತೆ, ಅಲ್ಲಿಗೆ ಬಂದ್ಯಾ? 1945ರ ಬಾಂಬು..." ಅಂತ ಶುರು ಮಾಡಿದೆ.

"ಮಾವ, ನೀನು ಪುಸ್ತಕ ಕೊಡ್ತೀಯ. ಕೇಳೋದಿಲ್ಲ."

ಅಲ್ಲಿಯವರೆಗೆ ಅವಳು ನನ್ನನ್ನು "ನೀವು" ಅಂತಿದ್ದಳು. ಬೆಂಗಳೂರಿನ ಮರ್ಯಾದೆ ಅಂದುಕೊಂಡಿದ್ದೆ. ಮರ್ಯಾದೆಯಲ್ಲ, ದೂರ ಅದು.

ಆಮೇಲೆ ಹೇಳಿದಳು. ಜೂನ್‌ನಲ್ಲೇ ಒಂದು ದಿನ ತರಗತಿಯಲ್ಲಿ ಎದ್ದು ನಿಲ್ಲಿಸಿ ಕನ್ನಡ ಪಾಠ ಓದಿಸಿದ್ದರಂತೆ. ಒಂದು ಒತ್ತಕ್ಷರದ ಹತ್ತಿರ ನಿಂತಳು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅವಳು ನಿಂತ ಶಬ್ದವನ್ನೇ ಅಡ್ಡಹೆಸರು ಮಾಡಿಕೊಂಡರು. ಆರು ತಿಂಗಳಿಂದ ಆ ಹೆಸರಿನಲ್ಲೇ ಕರೀತಿದ್ದಾರೆ. ಮಧ್ಯಾಹ್ನದ ಊಟಕ್ಕೆ ಒಬ್ಬಳೇ ಕೂರ್ತಾಳೆ. ಅಪ್ಪ-ಅಮ್ಮನಿಗೆ ಹೇಳಿದರೆ ಅವರಿಗೆ ಇರೋ ಚಿಂತೆಗೆ ಇನ್ನೊಂದು ಸೇರುತ್ತೆ. ಅಜ್ಜಿಗೆ ಹೇಳಿದರೆ ಶಾಲೆಗೇ ಬಂದುಬಿಡ್ತಾಳೆ. "ನಿಂಗೆ ಹೇಳೋಣ ಅಂತ ಎಷ್ಟೋ ಸಲ ಬಂದೆ. ನೀನು ಇಸವಿ ಹೇಳ್ತಿದ್ದೆ" ಅಂದಳು.

ನಾಲ್ಕು ಗಂಟೆ ಅಲ್ಲ, ಒಂದೂವರೆ ಗಂಟೆ ಇರಬಹುದು. ಸುಮ್ಮನೆ ಕೇಳಿದೆ. ನಡುವೆ ಎರಡು ಸಲ ಏನೋ ಬುದ್ಧಿಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಅಡ್ಡಹೆಸರು ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಆ ವಾರದಿಂದ ನನ್ನ ಜೊತೆ ದಿನಾ ಜಗಲಿಯಲ್ಲಿ ಕೂತು ಮಾತಾಡೋದು ಶುರುವಾಯ್ತು. ಫೆಬ್ರವರಿಯಲ್ಲಿ ತಾನೇ ಕೈ ಎತ್ತಿ ಪಾಠ ಓದಿದಳಂತೆ. ಒಂದು ಕಡೆ ನಿಂತಳಂತೆ, ಒಂದಿಬ್ಬರು ನಕ್ಕರಂತೆ, ಇವಳು ಮುಂದಕ್ಕೆ ಓದಿದಳಂತೆ.

ಅದೇ ಹೊತ್ತಿಗೆ ಮಲ್ಲಾಡಿಹಳ್ಳಿಗೂ ಹೋಗಿಬಂದ್ವಿ. ಹೊಳಲ್ಕೆರೆ ತಾಲ್ಲೂಕು. ರಾಘವೇಂದ್ರ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿ ಅನಾಥ ಸೇವಾಶ್ರಮ ಕಟ್ಟಿದ ಜಾಗ. ಯೋಗ, ಆಯುರ್ವೇದ ಎಲ್ಲ ಅಲ್ಲಿ. 1996ರಲ್ಲಿ ತೀರಿಕೊಂಡ ಅವರು 'ತಿರುಕ' ಅನ್ನೋ ಹೆಸರಲ್ಲಿ ಬರೀತಿದ್ದರು, 'ಜೋಳಿಗೆಯ ಪವಾಡ' ಅವರ ಆತ್ಮಕಥೆ. ಕವಿ ಎಚ್.ಎಸ್. ವೆಂಕಟೇಶಮೂರ್ತಿ ಹಿಂದೆ ಮೇಷ್ಟ್ರಾಗಿದ್ದದ್ದೂ ಅದೇ ಮಲ್ಲಾಡಿಹಳ್ಳಿಯಲ್ಲಿ. ಅಷ್ಟು ದೊಡ್ಡವರು ತಮ್ಮನ್ನು ತಾವೇ ತಿರುಕ ಅಂತ ಕರೆದುಕೊಂಡದ್ದು ಪುಟ್ಟಿಗೆ ಬಹಳ ಹಿಡಿಸಿತು. "ಅಡ್ಡಹೆಸರನ್ನ ನಾವೇ ಇಟ್ಕೊಂಡ್ಬಿಟ್ರೆ ಬೇರೆಯವರು ಏನ್ ಮಾಡ್ತಾರೆ ಮಾವ?" ಅಂದಳು. ನಾನು ಇಸವಿ ಹೇಳಲಿಲ್ಲ :)

ಬೇಸಿಗೆಯಲ್ಲಿ ಹೊಸಬರನ್ನೂ ಹುಡುಕಿದ್ವಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡ್ತಿದೆ. ಕನ್ನಡದಲ್ಲಿ ಮೊದಲನೆಯದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ ಬಂತು. ಆ ಪಟ್ಟಿ ಹಿಡಿದು ಹೊರಟರೆ ನಾನು ಹೆಸರೇ ಕೇಳಿರದ ಪುಸ್ತಕಗಳು ಸಿಕ್ಕವು. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ' (2022). ಎರಡೂ ಮಕ್ಕಳ ಕಾದಂಬರಿಗಳು. 'ಬಾಲ' ಅನ್ನೋ ಪದ ನೋಡಿಯೇ ಪುಟ್ಟಿ ಮೂಗು ಮುರಿದಳು. ಓದಿದ ಮೇಲೆ ಅಜ್ಜಿಗೂ ಓದಿ ಹೇಳಿದಳು. ಹಾಗೆ ನಮ್ಮಮ್ಮ ಎಷ್ಟೋ ವರ್ಷದ ಮೇಲೆ ಮತ್ತೆ ಪುಸ್ತಕದ ಹತ್ತಿರ ಬಂದಳು. ಈ ಸಲ ಬಚ್ಚಿಡೋ ಪ್ರಮೇಯ ಇರಲಿಲ್ಲ.

2023ರ ಮೇ ಕೊನೆಗೆ ಭಾವನಿಗೆ ಮತ್ತೆ ಕೆಲಸ ಸಿಕ್ಕಿತು, ಪುಟ್ಟಿ ಬೆಂಗಳೂರಿಗೆ ಹೊರಟಳು. ಹೋಗೋ ಮುಂಚೆ ನನ್ನ ಆಡಿಟ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ವರ್ಷದ ಪಟ್ಟಿ ಬರೆದಿಟ್ಟು ಹೋದಳು. ಇದ್ದದ್ದು ಇದ್ದಂಗೆ:

1. ತೊತ್ತೋಚಾನ್ – ಯಾರಿಗೂ ಕೊಡಲ್ಲ, ತಗೊಂಡು ಹೋಗ್ತಿದ್ದೀನಿ.
2. ಕರ್ವಾಲೊ – ಬಸ್ಸಲ್ಲಿ ಓದಿದರೆ ಮಾತ್ರ ಪೂರ್ತಿ ಮಜಾ.
3. ದ್ವೀಪ – ಚೆನ್ನಾಗಿದೆ ಅಂತ ಹೇಳೋಕೆ ಬೇಜಾರಾಗುತ್ತೆ.
4. ನಾಗರಹಾವು – ಅಜ್ಜಿ ಹೇಳಿದ್ದು ಸರಿ.
5. ಬೆಕ್ಕಿನ ಕಣ್ಣು – ಅಜ್ಜಿಗೆ ಒಂದು ಪ್ರತಿ ತಂದುಕೊಡು. ಮರೀಬೇಡ.
6. ದುರ್ಗಾಸ್ತಮಾನ – ಮೇಜು ಈಗ ಅಲುಗಾಡ್ತಿಲ್ಲ. ಮುಂದಿನ ವರ್ಷ ಪ್ರಾಮಿಸ್.

ಕನ್ನಡದಲ್ಲಿ ವೈಎ ಇದೆಯಾ? ಆ ಹೆಸರಿನ ಕಪಾಟು ನಮ್ಮ ಯಾವ ತಾಲ್ಲೂಕಿನಲ್ಲೂ ನಂಗೆ ಕಾಣಲಿಲ್ಲ. ಇವತ್ತಿನ ಹದಿನಾಲ್ಕರ ಹುಡುಗಿ, ಅವಳ ಶಾಲೆ, ಅವಳ ಮೊಬೈಲು, ಅವಳ ಅವಮಾನ, ಇದನ್ನೇ ಬರೆದ ಪುಸ್ತಕ ಇನ್ನೂ ಬಹಳ ಬೇಕು. ಆದರೆ ಆ ವಯಸ್ಸಿನವರು ಓದೋದನ್ನು ನಾವು ನಿಲ್ಲಿಸಿರಲಿಲ್ಲ. ಹಿಟ್ಟಿನ ಡಬ್ಬಿ ಹಿಂದೆ ಒಂದು ಕಪಾಟು ಯಾವತ್ತೂ ಇತ್ತು. ಮೇಷ್ಟ್ರ ಹೆಂಡತಿಯಂಥ ಒಬ್ಬರು ಅದನ್ನು ತುಂಬ್ತಾ ಇದ್ದರು. ಓದಿದ ಮೇಲೆ ಹುಡುಗಿ ಏನು ಹೇಳ್ತಾಳೆ ಅಂತ ಅವರು ಕೇಳ್ತಿದ್ದರೋ ಏನೋ. ನಾನಂತೂ ಕೇಳೋದು ಕಲಿತದ್ದು ತಡವಾಗಿ.

2025ರ ಜನವರಿಯಲ್ಲಿ ಒಂದು ಸಂಜೆ, ಹೊಳಲ್ಕೆರೆಯಿಂದ ಬರೋ ಬಸ್ಸಿನಲ್ಲಿದ್ದೆ, ಪುಟ್ಟಿಯ ಫೋನು. "ಮಾವ, ನಾ. ಡಿಸೋಜ ಹೋಗ್ಬಿಟ್ರಂತೆ." ದನಿ ಸಣ್ಣಗಿತ್ತು. ಅವರು ಹುಟ್ಟಿದ್ದು, ಬರೆದದ್ದು, ಪ್ರಶಸ್ತಿ, ಎಲ್ಲ ಬಾಯಿಗೆ ಬಂತು. ಹೇಳಲಿಲ್ಲ. "ಹೇಳು ಪುಟ್ಟಿ" ಅಂದೆ.

ಚಿತ್ರದುರ್ಗ ಬರೋವರೆಗೂ ಅವಳೇ ಮಾತಾಡಿದಳು.

'ಬೆಕ್ಕಿನ ಕಣ್ಣು' ಅಮ್ಮನಿಗೆ ತಂದುಕೊಟ್ಟಿದ್ದೀನಿ. ಈಗಲೂ ರಾತ್ರಿ ಹಿತ್ತಲಿಗೆ ಹೋಗುವಾಗ ನನ್ನನ್ನು ಕರೀತಾಳೆ. ನಿಮ್ಮ ಮನೆಯ ಹದಿನಾಲ್ಕು ವರ್ಷದವರು ಯಾವ ಕನ್ನಡ ಪುಸ್ತಕ ಮೆಚ್ಚಿದ್ದಾರೆ, ನೀವು ಆ ವಯಸ್ಸಿನಲ್ಲಿ ಎಲ್ಲಿ ಬಚ್ಚಿಟ್ಟು ಏನು ಓದಿದಿರಿ, ಹೇಳಿ. ಸುಮ್ಮನೆ ಕೇಳ್ತೀನಿ.